ಸುಗ್ಗಿ ಹಬ್ಬದ ತಕ್ಕಡಿಗೆ ದೈತ್ಯ ಕುಂಬಳ: ಬೀಜದಿಂದ ತೂಕದವರೆಗೆ ಹಂತ ಹಂತವಾಗಿ

"ಆಗಸ್ಟ್ ತಿಂಗಳವರೆಗೆ ಚೆನ್ನಾಗಿಯೇ ಇತ್ತು, ಆಮೇಲೆ ಒಡೆದುಹೋಯಿತು. ಗೊಬ್ಬರ ಕಡಿಮೆ ಆಯ್ತಾ?" ದೈತ್ಯ ಕುಂಬಳದ ಹಬ್ಬಕ್ಕೆ ಕಾಯಿ ಬೆಳೆಸಲು ಹೊರಟವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಬಹುತೇಕ ಸಲ ಗೊಬ್ಬರದ್ದೇನೂ ತಪ್ಪಿರುವುದಿಲ್ಲ. ತೊಟ್ಟು ಹರಿದಿರುತ್ತದೆ, ಇಲ್ಲವೇ ಒಂದು ವಾರ ಒಣಗಿಸಿ ಮರುವಾರ ಹೊಳೆಯಂತೆ ನೀರು ಬಿಟ್ಟಿರುತ್ತಾರೆ, ಇಲ್ಲವೇ ಕಾಯಿಯನ್ನು ಎತ್ತುವಾಗ ಬಿರುಕು ಬಿಟ್ಟಿರುತ್ತದೆ. ಮೂರೂ ತಡೆಯಬಹುದಾದವೇ. ಆದರೆ ತಡೆಯುವ ಕೆಲಸವನ್ನು ಕಾಯಿ ಚಿಕ್ಕದಿರುವಾಗಲೇ ಮಾಡಬೇಕು. ದೊಡ್ಡದಾದ ಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಆದ್ದರಿಂದ ಇಲ್ಲಿ ಹಂತಗಳ ಕ್ರಮವೇ ಮುಖ್ಯ. ಓದಿ ಮುಗಿಸಿದ ಮೇಲೆ ಶುರು ಮಾಡಿ, ಮಧ್ಯದಲ್ಲಿ ಅಲ್ಲ.

## ಮೊದಲು ಕ್ಯಾಲೆಂಡರ್, ಆಮೇಲೆ ಬೀಜ

ನಿಮ್ಮ ಹಬ್ಬದ ತೂಕದ ದಿನ ಯಾವತ್ತು ಅಂತ ತಿಳಿದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸಿ. ಹೂವಿಗೆ ಪರಾಗ ಮುಟ್ಟಿಸಿದ ದಿನದಿಂದ ಕಾಯಿಗೆ 90 ರಿಂದ 100 ದಿನ ಬೇಕು. ಬೀಜ ಹಾಕಿದ ದಿನದಿಂದ ಪರಾಗಕ್ಕೆ ಸುಮಾರು 60 ರಿಂದ 70 ದಿನ. ಒಟ್ಟು ಐದು ತಿಂಗಳು ಅಂತ ಇಟ್ಟುಕೊಳ್ಳಿ. ಅಕ್ಟೋಬರ್ ಮೊದಲ ಭಾಗದಲ್ಲಿ ತೂಕ ಇದ್ದರೆ, ಏಪ್ರಿಲ್ ಕೊನೆಗೆ ಬೀಜ, ಜುಲೈ ಮೊದಲ ವಾರದ ಹೊತ್ತಿಗೆ ಪರಾಗ.

ಹಬ್ಬದ ನಿಯಮಗಳನ್ನೂ ಈಗಲೇ ಓದಿ. ಸಾಮಾನ್ಯವಾಗಿ ಕಾಯಿಯಲ್ಲಿ ಕೊಳೆತ ಜಾಗ ಇರಬಾರದು, ಒಳಗಿನ ಟೊಳ್ಳಿನವರೆಗೆ ಹೋಗುವ ಬಿರುಕು ಅಥವಾ ತೂತು ಇರಬಾರದು, ಬಿರುಕಿಗೆ ಮೇಣವನ್ನೋ ಅಂಟನ್ನೋ ತುಂಬಿರಬಾರದು. ಪೂರ್ತಿ ಹಸಿರು ಅಥವಾ ಬೂದು ಬಣ್ಣದ ಕಾಯಿಯನ್ನು ಹೆಚ್ಚಿನ ಕಡೆ ಬೇರೆ ವಿಭಾಗದಲ್ಲಿ ತೂಗುತ್ತಾರೆ. ಇದನ್ನು ತೂಕದ ಹಿಂದಿನ ದಿನ ಓದಿ ಏನು ಪ್ರಯೋಜನ?

## ಏನೇನು ಬೇಕು

ಜಾಗ: ಒಂದು ಗಿಡಕ್ಕೆ ಕನಿಷ್ಠ 40 ಚದರ ಮೀಟರ್. ಗಂಭೀರವಾಗಿ ಸ್ಪರ್ಧೆ ಮಾಡುವವರು 80–90 ಚದರ ಮೀಟರ್ ಕೊಡುತ್ತಾರೆ. ಚಿಕ್ಕ ಜಾಗದಲ್ಲಿ ಎರಡು ಗಿಡ ಹಾಕುವುದಕ್ಕಿಂತ ಒಂದೇ ಹಾಕಿ.

ಸಾಮಾನು: ಮಣ್ಣಿನ ಪರೀಕ್ಷೆಯ ವರದಿ, ಚೆನ್ನಾಗಿ ಕಳಿತ ಗೊಬ್ಬರ, ಡ್ರಿಪ್ ಪೈಪು, ಬಿದಿರು ಕಡ್ಡಿಗಳು, ತೆಳು ಬಟ್ಟೆಯ ಚೀಲಗಳು, ಉದ್ದನೆಯ ಟೇಪು, ಮರಳು, ನೀರು ಇಳಿಯುವಂಥ ಗಟ್ಟಿ ಬಟ್ಟೆ, ನೆರಳಿಗೆ ಹಳೆಯ ಹಾಸುಬಟ್ಟೆಗಳು, ದಿನಾ ಅಳತೆ ಬರೆಯಲು ಒಂದು ನೋಟ್‌ಬುಕ್. ಎತ್ತುವ ಸಾಧನಗಳು ಕೊನೆಗೆ ಬೇಕು. ಆದರೆ ಅವನ್ನು ಯಾರಿಂದ ತರುತ್ತೀರಿ ಅಂತ ಈಗಲೇ ಮಾತಾಡಿಟ್ಟುಕೊಳ್ಳಿ.

## ಹಂತ 1: ಸರಿಯಾದ ಬೀಜ

ಅಡುಗೆಗೆ ತಂದ ಕುಂಬಳದ ಬೀಜ ಹಾಕಿ ದೈತ್ಯ ಕಾಯಿ ಬರಲಿ ಅಂದರೆ ಬರುವುದಿಲ್ಲ. ಎಷ್ಟು ಉಪಚಾರ ಮಾಡಿದರೂ ಅಷ್ಟೇ. ತೂಕದ ಸ್ಪರ್ಧೆಗೆ ಬರುವ ಕಾಯಿಗಳೆಲ್ಲ ಹೆಚ್ಚುಕಡಿಮೆ 'ಡಿಲ್ಸ್ ಅಟ್ಲಾಂಟಿಕ್ ಜೈಂಟ್' ಎಂಬ ತಳಿಯ ವಂಶದವು. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹೋವರ್ಡ್ ಡಿಲ್ ಬೆಳೆಸಿದ ತಳಿ ಅದು.

ಬೆಳೆಗಾರರು ಹಂಚುವ ಬೀಜದ ಪೊಟ್ಟಣದ ಮೇಲೆ '2009 ವ್ಯಾಲೇಸ್ 2012' ಎಂಬಂಥ ಹೆಸರು ಇರುತ್ತದೆ. ಮೊದಲ ಸಂಖ್ಯೆ ಇಸವಿ ಅಲ್ಲ, ತಾಯಿಕಾಯಿಯ ತೂಕ, ಪೌಂಡಿನಲ್ಲಿ. ನಡುವೆ ಬೆಳೆಸಿದವರ ಹೆಸರು, ಕೊನೆಗೆ ಬೆಳೆದ ವರ್ಷ. 2009 ಪೌಂಡ್ ಅಂದರೆ ಸುಮಾರು 911 ಕೆಜಿ. ಇಂಥ ಹೆಸರಿನ ಬೀಜ ಸಿಕ್ಕರೆ ನೀವು ಯಾವ ವಂಶದಿಂದ ಶುರು ಮಾಡುತ್ತಿದ್ದೀರಿ ಎಂಬುದಾದರೂ ಗೊತ್ತಿರುತ್ತದೆ.

ಬೀಜದ ಸಿಪ್ಪೆ ದಪ್ಪ. ಚೂಪು ತುದಿಯನ್ನು ಮುಟ್ಟದೆ, ಉಳಿದ ಅಂಚನ್ನು ಉಪ್ಪು ಕಾಗದದಲ್ಲಿ ಹಗುರವಾಗಿ ಉಜ್ಜಿ. ಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸಿ, ರಾತ್ರಿಯಿಡೀ ಅಲ್ಲ. ಆಮೇಲೆ ಕುಂಡದಲ್ಲಿ ಹಾಕಿ 29 ರಿಂದ 32 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿಡಿ. ಮಣ್ಣು ತೇವವಾಗಿರಲಿ, ಕೆಸರಾಗುವುದು ಬೇಡ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ.

## ಹಂತ 2: ಪಾತಿ ಮತ್ತು ನಾಟಿ

ಮಣ್ಣಿನ ಪಿಎಚ್ 6.5 ರಿಂದ 7ರ ನಡುವೆ ಇರಲಿ. ಪರೀಕ್ಷೆ ಮಾಡಿಸದೆ ಸುಣ್ಣ, ಗೊಬ್ಬರ ಸುರಿಯಬೇಡಿ. ಹಸಿ ಗೊಬ್ಬರವಂತೂ ಬೇಡವೇ ಬೇಡ. ಬೇರು ಸುಡುತ್ತದೆ.

ಸಸಿಯನ್ನು ಕುಂಡದಲ್ಲಿ ಜಾಸ್ತಿ ದಿನ ಇಟ್ಟುಕೊಳ್ಳಬೇಡಿ. ಬೇರು ಕುಂಡದೊಳಗೆ ಸುತ್ತಿಕೊಂಡರೆ ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ. ಎರಡು ಬೀಜದೆಲೆಗಳ ನಡುವಿನಿಂದ ಮೊದಲ ಒರಟು ಎಲೆ ಬಿಚ್ಚಿದ ಕೂಡಲೇ ನಾಟಿ ಮಾಡಿ.

ನಾಟಿ ಮಾಡುವಾಗ ಆ ಮೊದಲ ಒರಟು ಎಲೆ ಯಾವ ಕಡೆ ಮುಖ ಮಾಡಿದೆ ನೋಡಿ. ಬಳ್ಳಿ ಸಾಮಾನ್ಯವಾಗಿ ಅದರ ವಿರುದ್ಧ ದಿಕ್ಕಿಗೆ ಓಡುತ್ತದೆ. ಆದ್ದರಿಂದ ಎಲೆಯ ಬೆನ್ನಿನ ಕಡೆ ಪಾತಿಯ ಉದ್ದ ಬರುವಂತೆ ನೆಡಿ. ಇದಕ್ಕೆ ಬೇಕಾದದ್ದು ಒಂದು ಕ್ಷಣ. ತಪ್ಪಿದರೆ ಮುಂದೆ ವಾರಗಟ್ಟಲೆ ಬಳ್ಳಿ ತಿರುಗಿಸುತ್ತಾ ಕೂರಬೇಕು.

ರಾತ್ರಿ ಚಳಿ ಇರುವ ಕಡೆ ಸಸಿಯ ಮೇಲೆ ಚಿಕ್ಕ ಪಾರದರ್ಶಕ ಗೂಡು ಕಟ್ಟಿ. ಹಗಲು ಬಿಸಿ ಏರಿದಾಗ ಬಾಗಿಲು ತೆಗೆಯಲು ಮರೆಯಬೇಡಿ.

## ಹಂತ 3: ಬಳ್ಳಿಯನ್ನು ಸಾಲಿಗೆ ತರುವುದು

ಗಿಡ ಮೊದಲು ನೆಟ್ಟಗೆ ನಿಲ್ಲುತ್ತದೆ, ಆಮೇಲೆ ಒಂದು ದಿನ ಮಲಗುತ್ತದೆ. ಮಲಗುವ ಹೊತ್ತಿನಲ್ಲಿ ಗಾಳಿ ಬೀಸಿದರೆ ಬುಡವೇ ತಿರುಚಿಕೊಳ್ಳುತ್ತದೆ. ಎರಡು ಬಿದಿರು ಕಡ್ಡಿಗಳನ್ನು ಕತ್ತರಿಯಂತೆ ಬಳ್ಳಿಯ ಮೇಲೆ ಚುಚ್ಚಿ, ನೆಲಕ್ಕೆ ಅಲ್ಲಾಡದಂತೆ ಹಿಡಿಸಿ.

ಒಂದು ಮುಖ್ಯ ಬಳ್ಳಿಯನ್ನು ನೇರ ಓಡಲು ಬಿಡಿ. ಅದರ ಎರಡೂ ಕಡೆ ಬರುವ ಕವಲುಗಳನ್ನು ಅಡ್ಡಲಾಗಿ ನೇರ ಸಾಲಿನಲ್ಲಿ ಹರಡಿಸಿ, ಮೂರು ನಾಲ್ಕು ಮೀಟರ್ ಆದಾಗ ತುದಿ ಚಿವುಟಿ. ಕವಲಿನಿಂದ ಹುಟ್ಟುವ ಮರಿಗವಲುಗಳನ್ನು ಸಿಕ್ಕಿದ ಹಾಗೆ ತೆಗೆದುಹಾಕಿ. ಇಲ್ಲದಿದ್ದರೆ ಎರಡು ವಾರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಒಳಗೆ ಗಾಳಿಯೂ ಆಡುವುದಿಲ್ಲ.

ಬಳ್ಳಿ ಓಡಿದಂತೆ ಅದರ ಗೆಣ್ಣುಗಳ ಮೇಲೆ ಮಣ್ಣು ಹಾಕಿ ಮುಚ್ಚುತ್ತಾ ಹೋಗಿ. ಪ್ರತಿ ಗೆಣ್ಣಿನಲ್ಲೂ ಹೊಸ ಬೇರು ಇಳಿಯುತ್ತದೆ. ಎಲೆಯೂ ಬೆಳೆಯುವ ತುದಿಯೂ ಹೊರಗೇ ಇರಲಿ. ದೊಡ್ಡ ಕಾಯಿಗೆ ಆಹಾರ ಬರುವುದು ಈ ನೂರಾರು ಬೇರುಗಳಿಂದ. ಬುಡಕ್ಕೆ ಮಾತ್ರ ನೀರು ಗೊಬ್ಬರ ಹಾಕುವವರು ಮರೆಯುವುದು ಇದನ್ನೇ.

## ಹಂತ 4: ಕೈಯಿಂದ ಪರಾಗ ಮುಟ್ಟಿಸುವುದು

ಮುಖ್ಯ ಬಳ್ಳಿಯಲ್ಲಿ ಬುಡದಿಂದ ಮೂರರಿಂದ ನಾಲ್ಕೂವರೆ ಮೀಟರ್ ದೂರದಲ್ಲಿ ಬರುವ ಹೆಣ್ಣು ಹೂ ನಿಮಗೆ ಬೇಕು. ಅದಕ್ಕಿಂತ ಹತ್ತಿರದ ಕಾಯಿಯ ಹಿಂದೆ ಸಾಕಷ್ಟು ಎಲೆ ಇರುವುದಿಲ್ಲ. ಹೆಣ್ಣು ಹೂವಿನ ಕೆಳಗೆ ಗೋಲಿಯಂಥ ಹೀಚು ಇರುತ್ತದೆ, ಗಂಡು ಹೂವಿಗೆ ಬರೀ ಉದ್ದನೆ ಕಡ್ಡಿ.

ಹೂ ಅರಳುವ ಹಿಂದಿನ ಸಂಜೆ ಮೊಗ್ಗಿನ ತುದಿಯಲ್ಲಿ ಹಳದಿ ಬಣ್ಣ ಇಣುಕುತ್ತದೆ. ಅದೇ ಗುರುತು. ಆಗಲೇ ಆ ಹೆಣ್ಣು ಮೊಗ್ಗಿಗೂ ಮೂರು ನಾಲ್ಕು ಗಂಡು ಮೊಗ್ಗುಗಳಿಗೂ ಬಟ್ಟೆ ಚೀಲ ಕಟ್ಟಿ. ಬೆಳಗ್ಗೆ ಜೇನು ನಿಮಗಿಂತ ಬೇಗ ಬರುತ್ತದೆ. ಅದು ಯಾವ ಹೂವಿನ ಪರಾಗ ತಂದಿದೆಯೋ ಯಾರಿಗೆ ಗೊತ್ತು!

ಬೆಳಕು ಹರಿದ ಕೂಡಲೇ ಹೋಗಿ. ಗಂಡು ಹೂವಿನ ದಳಗಳನ್ನು ಕಿತ್ತುಹಾಕಿ. ನಡುವಿನ ಕಡ್ಡಿಯಲ್ಲಿ ಹಳದಿ ಪುಡಿ ಬೆರಳಿಗೆ ಹತ್ತಬೇಕು, ಹತ್ತದಿದ್ದರೆ ಆ ಹೂವನ್ನು ಬಿಡಿ. ಹೆಣ್ಣು ಹೂವಿನೊಳಗೆ ನಾಲ್ಕೈದು ಉಬ್ಬಿದ ಭಾಗಗಳಾಗಿ ಹರಡಿರುವ ಶಲಾಕೆಯ ತುದಿ ಕಾಣುತ್ತದೆ. ಪ್ರತಿಯೊಂದು ಉಬ್ಬಿಗೂ, ನಡುವಿನ ಸಂದಿಗಳಿಗೂ ಮೆಲ್ಲಗೆ ಸವರಿ. ಒಂದೇ ಕಡೆ ಸವರಿದರೆ ಕಾಯಿ ಸೊಟ್ಟಗೆ ಬೆಳೆಯುತ್ತದೆ. ಮುಗಿದ ಮೇಲೆ ಚೀಲ ಮತ್ತೆ ಕಟ್ಟಿ. ದಿನಾಂಕ ಬರೆದಿಡಿ. ಮುಂದಿನ ಲೆಕ್ಕವೆಲ್ಲ ಈ ದಿನದಿಂದಲೇ.

ಬಿಸಿಲು 32 ಡಿಗ್ರಿ ದಾಟಿದರೆ ಹೀಚು ಕೈಕೊಡುವ ಸಾಧ್ಯತೆ ಜಾಸ್ತಿ. ಹೂವಿನ ಮೇಲೆ ನೆರಳು ಮಾಡಿ, ಸುತ್ತ ತಣ್ಣೀರಿನ ಬಾಟಲಿಗಳನ್ನಿಡಿ. ಐದಾರು ದಿನದಲ್ಲಿ ಹೀಚು ಹೊಳೆಯುತ್ತಾ ಕೆಳಮುಖವಾಗಿ ಬಾಗಿದರೆ ಕಚ್ಚಿಕೊಂಡಿತು ಅಂತ ಅರ್ಥ. ಮಂಕಾಗಿ ಹಳದಿ ತಿರುಗಿದರೆ ಹೋಯಿತು.

ಒಂದೇ ಹೀಚನ್ನು ನಂಬಿ ಕೂರಬೇಡಿ. ಮುಖ್ಯ ಬಳ್ಳಿಯಲ್ಲಿ ಎರಡು ಮೂರಕ್ಕೆ ಪರಾಗ ಮುಟ್ಟಿಸಿ. ಮೂರನೇ ವಾರದೊಳಗೆ ಸುತ್ತಳತೆ ಹೋಲಿಸಿ, ವೇಗವಾಗಿ ಬೆಳೆಯುತ್ತಿರುವ, ತೊಟ್ಟು ಚೆನ್ನಾಗಿರುವ ಒಂದನ್ನು ಮಾತ್ರ ಉಳಿಸಿ. ಉಳಿದವನ್ನು ಕತ್ತರಿಸುವಾಗ ಮನಸ್ಸು ಒಪ್ಪುವುದಿಲ್ಲ, ನಿಜ. ಆದರೆ ಎರಡು ಕಾಯಿ ಉಳಿಸಿಕೊಂಡವರಿಗೆ ಕೊನೆಗೆ ಎರಡು ಸಾಧಾರಣ ಕಾಯಿಗಳೇ ಸಿಗುತ್ತವೆ.

## ಹಂತ 5: ತೊಟ್ಟನ್ನು ಕಾಪಾಡುವುದು

ಅತಿ ಹೆಚ್ಚು ಕಾಯಿಗಳು ಕೈತಪ್ಪುವುದು ಇಲ್ಲಿಯೇ. ನಿಧಾನವಾಗಿ ಓದಿ.

ಕಾಯಿ ಉಬ್ಬಿದಂತೆ ಅದರ ಹೆಗಲು ಮೇಲಕ್ಕೂ ಪಕ್ಕಕ್ಕೂ ಏಳುತ್ತದೆ. ಬಳ್ಳಿ ಮಾತ್ರ ತನ್ನ ಬೇರುಗಳಿಂದ ನೆಲಕ್ಕೆ ಅಂಟಿಕೊಂಡಿರುತ್ತದೆ. ಹೆಗಲು ಬಳ್ಳಿಯನ್ನು ದೂಡುತ್ತದೆ, ಬಳ್ಳಿ ಜಗ್ಗುವುದಿಲ್ಲ. ನಡುವೆ ಇರುವ ತೊಟ್ಟು ಹರಿಯುತ್ತದೆ. ಬೆಳವಣಿಗೆ ಜೋರಾಗಿರುವಾಗಲೇ ಹೀಗಾಗುತ್ತದೆ. ಅದಕ್ಕೇ "ಚೆನ್ನಾಗಿಯೇ ಇತ್ತು, ಏಕಾಏಕಿ ಹೋಯಿತು" ಅನ್ನಿಸುವುದು.

ಮಾಡಬೇಕಾದ್ದು ಮೂರು, ಇದೇ ಕ್ರಮದಲ್ಲಿ.

ಮೊದಲನೆಯದು ಕೋನ. ಹೀಚು ಮುಷ್ಟಿ ಗಾತ್ರ ದಾಟಿದ ಮೇಲೆ, ಅದು ಬಳ್ಳಿಗೆ ಲಂಬವಾಗಿ, ಅಂದರೆ 90 ಡಿಗ್ರಿಯಲ್ಲಿ ನಿಲ್ಲುವಂತೆ ತಿರುಗಿಸುತ್ತಾ ಬನ್ನಿ. ದಿನಕ್ಕೆ ಒಂದೆರಡು ಸೆಂಟಿಮೀಟರ್ ಸಾಕು. ಜೊತೆಗೆ ಬಳ್ಳಿಯನ್ನೂ ಕಾಯಿಯಿಂದ ದೂರಕ್ಕೆ ಬಿಲ್ಲಿನಂತೆ ಬಾಗಿಸಿ. ಈ ಕೆಲಸ ಮಧ್ಯಾಹ್ನದ ಬಿಸಿಲಿನಲ್ಲೇ ಮಾಡಿ. ಬೆಳಗ್ಗೆ ಬಳ್ಳಿಯಲ್ಲಿ ನೀರು ತುಂಬಿ ಬಿರುಸಾಗಿರುತ್ತದೆ, ಸ್ವಲ್ಪ ಬಗ್ಗಿಸಿದರೂ ಟಪ್ ಅಂತ ಮುರಿಯುತ್ತದೆ. ಮಧ್ಯಾಹ್ನ ಸಡಿಲವಾಗಿ ಮಾತು ಕೇಳುತ್ತದೆ.

ಎರಡನೆಯದು ಬೇರು. ಕಾಯಿ ಇರುವ ಗೆಣ್ಣಿನಲ್ಲೂ, ಅದರ ಎರಡೂ ಪಕ್ಕ ಸುಮಾರು ಒಂದು ಮೀಟರ್‌ವರೆಗೂ ಬಳ್ಳಿಯ ಕೆಳಗಿನ ಬೇರು ಕತ್ತರಿಸಿ. ಅಷ್ಟು ಭಾಗವನ್ನು ಮಣ್ಣಿನಿಂದ ಮುಚ್ಚಬೇಡಿ. ಇಷ್ಟು ಕಷ್ಟಪಟ್ಟು ಬೇರು ಬಿಡಿಸಿ ಈಗ ಕತ್ತರಿಸುವುದೇ ಅನ್ನಿಸಬಹುದು. ಕತ್ತರಿಸಲೇಬೇಕು. ಬಳ್ಳಿ ಕಾಯಿಯ ಜೊತೆಗೇ ಮೇಲೇಳಲು ಇದೊಂದೇ ದಾರಿ.

ಮೂರನೆಯದು ಅಡ್ಡಿ ತೆಗೆಯುವುದು. ಹೆಗಲಿಗೆ ತಾಗುವ ಕವಲನ್ನು ಬೇಗನೆ ತೆಗೆದುಬಿಡಿ. ಮುಖ್ಯ ಬಳ್ಳಿಯೇ ಹೆಗಲಿಗೆ ಒತ್ತುತ್ತಿದ್ದರೆ ನಡುವೆ ಮೆತ್ತನೆಯ ಫೋಮ್ ಅಥವಾ ಮಡಚಿದ ಬಟ್ಟೆ ಇಡಿ.

ಅಪಾಯದ ಸೂಚನೆಗಳು: ತೊಟ್ಟಿನ ಒಂದು ಪಕ್ಕ ಬಿಳಿಚಿಕೊಳ್ಳುವುದು, ಬಳ್ಳಿ ಬಿಗಿದ ಹಗ್ಗದಂತೆ ಎಳೆದುಕೊಂಡಿರುವುದು, ತೊಟ್ಟು ಕಾಯಿಗೆ ಸೇರುವಲ್ಲಿ ಕೂದಲೆಳೆಯಷ್ಟು ಗೆರೆ. ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ಬಳ್ಳಿ ಸಡಿಲಿಸಿ.

ಹಾಸಿಗೆಯನ್ನೂ ಈಗಲೇ ಹಾಕಿ. ಕಾಯಿಯನ್ನು ಒಬ್ಬರೇ ಎತ್ತಿ ಸರಿಸಬಹುದಾದ ಹೊತ್ತಿನಲ್ಲೇ ಅದರ ಕೆಳಗೆ ಮರಳು ಹರಡಿ, ಮೇಲೆ ನೀರು ಇಳಿಯುವ ಗಟ್ಟಿ ಬಟ್ಟೆ ಹಾಸಿ. ಪ್ಲಾಸ್ಟಿಕ್ ಹಾಳೆ ಹಾಕಿದರೆ ನೀರು ನಿಂತು ಕೆಳಭಾಗ ಕೊಳೆಯುತ್ತದೆ. ಅದು ನಿಮಗೆ ಗೊತ್ತಾಗುವುದು ತೂಕದ ದಿನ, ಕಾಯಿ ಗಾಳಿಯಲ್ಲಿ ನೇತಾಡುವಾಗ.

## ಹಂತ 6: ಉಬ್ಬುವ ಕಾಲ

ಪರಾಗದ ನಂತರ 20ರಿಂದ 40ನೇ ದಿನದವರೆಗೆ ಕಾಯಿ ಅತಿ ವೇಗವಾಗಿ ತುಂಬಿಕೊಳ್ಳುತ್ತದೆ. ಒಳ್ಳೆಯ ಗಿಡದಲ್ಲಿ ದಿನಕ್ಕೆ 15–20 ಕೆಜಿ ಏರುವುದುಂಟು. ಆ ತೂಕದ ಬಹುಪಾಲು ನೀರೇ.

ಹಾಗಾಗಿ ನೀರು ದಿನಾ ಒಂದೇ ಪ್ರಮಾಣದಲ್ಲಿ ಸಿಗಬೇಕು. ಪೂರ್ತಿ ಬೆಳೆದ ಗಿಡ ಈ ಹೊತ್ತಿನಲ್ಲಿ ದಿನಕ್ಕೆ 200 ರಿಂದ 400 ಲೀಟರ್ ಕುಡಿಯುತ್ತದೆ. ಅದನ್ನು ಎರಡು ಮೂರು ಸಲಕ್ಕೆ ಹಂಚಿ, ಇಡೀ ಪಾತಿಗೆ ಕೊಡಿ. ದೊಡ್ಡ ಮಳೆ ಬರುವ ಸೂಚನೆ ಇದ್ದರೆ ಮೊದಲೇ ಕಡಿಮೆ ಮಾಡಿ. ಎರಡು ದಿನ ಮರೆತು ಮೂರನೇ ದಿನ ಎಲ್ಲವನ್ನೂ ಒಟ್ಟಿಗೆ ಸುರಿದರೆ ಕಾಯಿ ಒಡೆಯುತ್ತದೆ. ಸಂಜೆ ಎಲೆಗಳನ್ನು ತೋಯಿಸಿ ಬಿಡಬೇಡಿ. ರಾತ್ರಿಯಿಡೀ ಒದ್ದೆಯಿರುವ ಎಲೆಗೆ ರೋಗ ಬೇಗ ಹತ್ತುತ್ತದೆ.

ಗೊಬ್ಬರ ಸ್ವಲ್ಪ ಸ್ವಲ್ಪ, ಆಗಾಗ. ಕಾಯಿ ಕಚ್ಚಿದ ಮೇಲೆ ಸಾರಜನಕ ತಗ್ಗಿಸಿ, ಪೊಟ್ಯಾಷ್ ಮತ್ತು ಕ್ಯಾಲ್ಸಿಯಂ ಕಡೆ ಗಮನ ಕೊಡಿ. ಸಾರಜನಕ ಜಾಸ್ತಿಯಾದರೆ ಬಳ್ಳಿ ಸೊಕ್ಕುತ್ತದೆ ಅಷ್ಟೇ.

ಕಾಯಿಯ ಮೇಲೆ ನೇರ ಬಿಸಿಲು ಬೀಳಬಾರದು. ಬಿಸಿಲಿಗೆ ಸಿಪ್ಪೆ ಗಟ್ಟಿಯಾಗುತ್ತದೆ, ಒಳಗೆ ತಿರುಳು ಬೆಳೆಯುತ್ತಲೇ ಇರುತ್ತದೆ. ಆಮೇಲೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ? ತಿಳಿ ಬಣ್ಣದ ಬಟ್ಟೆ ಹೊದಿಸಿ, ಅಥವಾ ಮೇಲೆ ಚಪ್ಪರ ಹಾಕಿ. ಎಲೆಗಳಿಗೆ ಮಾತ್ರ ನೆರಳು ಮಾಡಬೇಡಿ.

ದಿನಾ ಒಂದೇ ಹೊತ್ತಿಗೆ ಸುತ್ತಳತೆ ತೆಗೆದು ಬರೆಯಿರಿ. ಬೆಳವಣಿಗೆ ಏಕಾಏಕಿ ನಿಂತರೆ ಅದು ದೂರು. ಆ ಕೂಡಲೇ ತೊಟ್ಟು, ಕಾಯಿಯ ತಳ, ಬುಡ ಮೂರನ್ನೂ ನೋಡಿ. ಬುಡದಿಂದ ನೊರೆ ಬರುತ್ತಿದ್ದರೆ, ಕೊಳೆತ ವಾಸನೆ ಇದ್ದರೆ, ಹಾಳಾದ ಭಾಗವನ್ನು ಶುದ್ಧವಾದ ಚಾಕುವಿನಿಂದ ಕೆರೆದು, ಫ್ಯಾನ್ ಗಾಳಿ ಕೊಟ್ಟು ಒಣಗಿಸಿ. ಗೆಣ್ಣುಗಳಲ್ಲಿ ಬೇರು ಇಳಿಸಿದ್ದವರ ಗಿಡ ಬುಡ ಹೋದರೂ ಕಾಯಿಗೆ ಊಟ ಕೊಡುತ್ತಿರುತ್ತದೆ.

## ಹಂತ 7: ಬಿರುಕು ಕಂಡರೆ

ಎಲ್ಲ ಬಿರುಕೂ ಒಂದೇ ಅಲ್ಲ. ಸಿಪ್ಪೆಯ ಮೇಲಿನ ಬಲೆಯಂಥ ಗೆರೆಗಳು ಬೆಳವಣಿಗೆಯ ಗುರುತು, ಬಿಟ್ಟುಬಿಡಿ. ತೊಟ್ಟಿನ ಸುತ್ತ ಅಥವಾ ಹೂವಿನ ತುದಿಯ ಸುತ್ತ ಉಂಗುರದಂತೆ ತಗ್ಗು ಕಾಣಿಸಿದರೆ ಎಚ್ಚರ. ಮುಂದೆ ಬಾಯಿ ಬಿಡುವುದು ಅಲ್ಲಿಯೇ. ನೀರನ್ನೂ ಗೊಬ್ಬರವನ್ನೂ ಮೆಲ್ಲನೆ ಇಳಿಸಿ.

ಮೇಲ್ಮೈಯ ಬಿರುಕು ಬಿಟ್ಟಿದ್ದರೆ ಒಣ ಬಟ್ಟೆಯಿಂದ ಒರೆಸಿ, ಗಂಧಕದ ಪುಡಿ ಉದುರಿಸಿ, ಗಾಳಿ ಆಡುವಂತೆ ನೋಡಿಕೊಳ್ಳಿ. ಒಣಗಿ ಗಟ್ಟಿಯಾದರೆ ಕಾಯಿ ಉಳಿಯುತ್ತದೆ. ಬಿರುಕಿನಿಂದ ನೀರು ಜಿನುಗುತ್ತಿದೆ, ಹುಳಿ ವಾಸನೆ ಬರುತ್ತಿದೆ, ಸಣ್ಣ ನೊಣಗಳು ಮುತ್ತುತ್ತಿವೆ ಅಂದರೆ ಅದು ಟೊಳ್ಳಿನವರೆಗೆ ಹೋಗಿದೆ. ಅಂಥ ಕಾಯಿಯನ್ನು ತೀರ್ಪುಗಾರರು ತೂಕದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

## ಹಂತ 8: ಕೊನೆಯ ವಾರಗಳು

ಎರಡು ತಿಂಗಳ ನಂತರ ಬೆಳವಣಿಗೆ ಇಳಿಯುತ್ತದೆ. ಇಲ್ಲಿ ಬಹಳ ಜನ ಗಿಡವನ್ನು ಕೈಬಿಡುತ್ತಾರೆ. ದಿನಕ್ಕೆ ಎರಡು ಕೆಜಿ ಏರಿದರೂ ಒಂದು ತಿಂಗಳಿಗೆ ಅರವತ್ತು. ಬೂದಿ ರೋಗ ಬರದಂತೆ ಎಲೆಗಳನ್ನು ಕಾಯಿರಿ. ರಾತ್ರಿ ತಣ್ಣಗಾದರೆ ಕಾಯಿಗೆ ಕಂಬಳಿ ಹೊದಿಸಿ.

ಈ ಹೊತ್ತಿಗೆ ತೂಕದ ಅಂದಾಜು ಬೇಕು. ಟೇಪಿನಿಂದ ಮೂರು ಅಳತೆ ತೆಗೆಯಿರಿ: ನೆಲಕ್ಕೆ ಸಮಾನಾಂತರವಾಗಿ ಪೂರ್ತಿ ಸುತ್ತಳತೆ, ತೊಟ್ಟಿನ ಕಡೆಯ ನೆಲದಿಂದ ಕಾಯಿಯ ಮೇಲೆ ಹಾದು ಹೂವಿನ ತುದಿಯ ಕಡೆಯ ನೆಲಕ್ಕೆ, ಹಾಗೆಯೇ ಒಂದು ಪಕ್ಕದ ನೆಲದಿಂದ ಇನ್ನೊಂದು ಪಕ್ಕದ ನೆಲಕ್ಕೆ. ಮೂರನ್ನೂ ಕೂಡಿಸಿ ಬೆಳೆಗಾರರ ತೂಕದ ಪಟ್ಟಿಯಲ್ಲಿ ನೋಡಿದರೆ ಅಂದಾಜು ಸಿಗುತ್ತದೆ. ಎತ್ತುವ ಸಾಧನ ಆರಿಸಲು ಈ ಸಂಖ್ಯೆಯೇ ಆಧಾರ.

## ಹಂತ 9: ಕತ್ತರಿಸುವುದು, ಎತ್ತುವುದು, ಸಾಗಿಸುವುದು

ಬೇಗ ಕತ್ತರಿಸಬೇಡಿ. ಬಳ್ಳಿಯಿಂದ ಬಿಡಿಸಿದ ಕಾಯಿ ಪ್ರತಿದಿನ ತೂಕ ಕಳೆದುಕೊಳ್ಳುತ್ತದೆ. ಹಿಂದಿನ ದಿನ ಅಥವಾ ಅದೇ ದಿನ ಬೆಳಗ್ಗೆ ಸಾಕು. ತೊಟ್ಟಿನ ಎರಡೂ ಪಕ್ಕ ಬಳ್ಳಿಯ ತುಂಡು ಸ್ವಲ್ಪ ಉದ್ದವಾಗಿಯೇ ಇರಲಿ. ತೂಕಕ್ಕೆ ಮೊದಲು ನಿಯಮದಲ್ಲಿ ಹೇಳಿದಷ್ಟಕ್ಕೆ ಮೊಟಕು ಮಾಡಿದರಾಯಿತು.

200 ಕೆಜಿಯೊಳಗಿನ ಕಾಯಿಯನ್ನು ಸುತ್ತಲೂ ಹಿಡಿಕೆ ಇರುವ ಗಟ್ಟಿ ಟಾರ್ಪಾಲಿನಲ್ಲಿ ಎಂಟು ಹತ್ತು ಜನ ಸೇರಿ ಎತ್ತಬಹುದು. ಅದಕ್ಕಿಂತ ದೊಡ್ಡದಕ್ಕೆ ಮುಕ್ಕಾಲಿ ಚೌಕಟ್ಟು, ಚೈನ್ ಪುಲ್ಲಿ, ಉಕ್ಕಿನ ಬಳೆಗೆ ಕಟ್ಟಿದ ಅಗಲ ಪಟ್ಟಿಗಳು ಬೇಕು. ಪಟ್ಟಿಗಳು ಕಾಯಿಯ ಸುತ್ತ ಸಮ ಅಂತರದಲ್ಲಿ ಇಳಿದು, ತಳದ ಬಾಗಿನ ಕೆಳಗೆ ಕೂರಬೇಕು. ಚೈನ್, ಪಟ್ಟಿ, ಚೌಕಟ್ಟು ಎಲ್ಲದರ ಸಾಮರ್ಥ್ಯ ನಿಮ್ಮ ಅಂದಾಜು ತೂಕಕ್ಕಿಂತ ಸಾಕಷ್ಟು ಜಾಸ್ತಿ ಇರಲಿ.

ಮೊದಲು ಒಂದು ಗೇಣು ಮಾತ್ರ ಎತ್ತಿ ನಿಲ್ಲಿಸಿ. ಕಾಯಿ ವಾಲುತ್ತಿದೆಯಾ, ಪಟ್ಟಿ ಜಾರುತ್ತಿದೆಯಾ, ತಳದಲ್ಲಿ ಮೆತ್ತಗಿನ ಜಾಗ ಇದೆಯಾ ಅಂತ ದೂರದಿಂದ ಬಗ್ಗಿ ನೋಡಿ. ನೇತಾಡುವ ಕಾಯಿಯ ಕೆಳಗೆ ಕೈ, ಕಾಲು, ತಲೆ ಯಾವುದೂ ಹೋಗಬಾರದು. ತೊಟ್ಟು ಹಿಡಿದು ಎಳೆಯುವುದು, ಅದಕ್ಕೆ ಹಗ್ಗ ಕಟ್ಟುವುದು ಎರಡೂ ಬೇಡ.

ಗಾಡಿಯಲ್ಲಿ ಪ್ಯಾಲೆಟ್ ಮೇಲೆ ದಪ್ಪ ಫೋಮ್ ಹಾಕಿ ಕೂರಿಸಿ, ಪಟ್ಟಿಯಿಂದ ಹಗುರವಾಗಿ ಕಟ್ಟಿ. ಮೇಲೆ ಒದ್ದೆ ಬಟ್ಟೆ ಹೊದಿಸಿ. ನಿಧಾನವಾಗಿ ಓಡಿಸಿ, ಗುಂಡಿಗಳಲ್ಲಿ ಇನ್ನೂ ನಿಧಾನ.

## ಹಂತ 10: ತೂಕದ ದಿನ

ಬೇಗ ಹೋಗಿ ಹೆಸರು ಬರೆಸಿ. ಮಣ್ಣನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಉಜ್ಜುವ ಬ್ರಷ್ ತರಬೇಡಿ. ತೀರ್ಪುಗಾರರು ಕಾಯಿಯನ್ನು ಎತ್ತಿಸಿ ಕೆಳಭಾಗ ನೋಡುತ್ತಾರೆ. ನಿಮಗೆ ಗೊತ್ತಿರುವ ಗಾಯ ಇದ್ದರೆ ಮೊದಲೇ ತೋರಿಸಿ. ಪ್ಯಾಲೆಟ್ ಮತ್ತು ಪಟ್ಟಿಗಳ ತೂಕ ಕಳೆದಿದ್ದಾರಾ ಅಂತ ಕೇಳುವುದು ನಿಮ್ಮ ಹಕ್ಕು.

ಹೋಲಿಸಿ ನೋಡಲು ಒಂದು ಸಂಖ್ಯೆ ಬೇಕಿದ್ದರೆ, 2023ರಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ತೂಕದಲ್ಲಿ ಟ್ರಾವಿಸ್ ಗಿಂಗರ್ ತಂದ ಕಾಯಿ 2,749 ಪೌಂಡ್, ಅಂದರೆ ಸುಮಾರು 1,247 ಕೆಜಿ ತೂಗಿ ಆಗಿನ ವಿಶ್ವದಾಖಲೆ ಮಾಡಿತು. ಮೊದಲ ವರ್ಷ ನೀವು ಅದರತ್ತ ನೋಡಬೇಡಿ. 150 ಕೆಜಿಯ ಕಾಯಿಯನ್ನು ಬಿರುಕಿಲ್ಲದೆ ತಕ್ಕಡಿಗೆ ತಂದರೆ ಅದು ಚೆನ್ನಾಗಿ ಮಾಡಿದ ಕೆಲಸ.

ತೂಕ ಆದ ಮೇಲೆ ಕಾಯಿಯನ್ನು ಪ್ರದರ್ಶನಕ್ಕೆ ಇಡುವುದಾದರೆ ನೆರಳಿನಲ್ಲಿ, ಪ್ಯಾಲೆಟ್ ಮೇಲೆಯೇ ಇಡಲು ಹೇಳಿ. ಮಕ್ಕಳು ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳಲು ಬಿಡಬೇಡಿ. ಕಾಯಿ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳು. ತಳದಿಂದ ನೀರು ಇಳಿಯಲು ಶುರುವಾದ ದಿನವೇ ಅಲ್ಲಿಂದ ತೆಗೆಸಿ. ಒಂದು ದಿನ ಬಿಟ್ಟರೆ ಕಾಯಿ ಕುಸಿದು ಕೂರುತ್ತದೆ, ಆಮೇಲೆ ಸಲಿಕೆಯಿಂದ ಬಾಚಿ ತೆಗೆಯಬೇಕಾಗುತ್ತದೆ.